ಎಲ್ಲ ಮಕ್ಕಳಿಗೂ ಎಟುಕುವ ಕಲಿಕೆ: ಸದಸ್ಯರ ಅಧ್ಯಯನಕ್ಕಾಗಿ



ಸಕಲೇಶಪುರ, ಆಲೂರು ಭಾಗದಲ್ಲಿ ಮಳೆ ಹಿಡಿದ ದಿನ ಶಾಲಾ ಕೊಠಡಿಯ ಹಿಂದಿನ ಸಾಲಿನಲ್ಲಿ ಹತ್ತು ನಿಮಿಷ ಕುಳಿತು ನೋಡಿ. ತಗಡಿನ ಛಾವಣಿಯಿದ್ದರೆ ಶಿಕ್ಷಕರ ಮಾತು ಕೇಳಿಸದು. ವಿದ್ಯುತ್ ಹೋದರೆ ಕಪ್ಪುಹಲಗೆ ಕಾಣಿಸದು. ಶ್ರವಣದೋಷ, ದೃಷ್ಟಿದೋಷವುಳ್ಳ ಮಗುವಿನ ವರ್ಷವಿಡೀ ತೊಡಕು ಆ ಹೊತ್ತಿಗೆ ಎಲ್ಲ ಮಕ್ಕಳದೂ ಆಗುತ್ತದೆ. ಅಡೆತಡೆ ವ್ಯವಸ್ಥೆಯಲ್ಲಿದೆ, ಅದನ್ನು ಸರಿಪಡಿಸಿದರೆ ಎಲ್ಲರಿಗೂ ಪ್ರಯೋಜನ. ‘ಕಲಿಕೆಯ ಸಾರ್ವತ್ರಿಕ ವಿನ್ಯಾಸ’ದ ತಿರುಳು ಇದೇ.

ಮೂರು ತತ್ವಗಳು

1. ಆಸಕ್ತಿ ಮೂಡಿಸಲು ಹಲವು ದಾರಿ.
2. ವಿಷಯವನ್ನು ಮಾತು, ಚಿತ್ರ, ಸ್ಪರ್ಶಗಳ ಮೂಲಕ ತಿಳಿಸುವುದು.
3. ಕಲಿತದ್ದನ್ನು ಬರೆದು, ಹೇಳಿ ಅಥವಾ ಮಾಡಿ ತೋರಿಸಲು ಅವಕಾಶ.

ಇದು ನಮಗೆ ತೀರಾ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಮಗು ಕಾರ್ಡುಗಳ ಮೂಲಕ ತನ್ನದೇ ವೇಗದಲ್ಲಿ ಕಲಿಯುತ್ತದೆ. ಮನೆಯಲ್ಲಿ ತಮಿಳು, ತುಳು ಆಡುವ ತೋಟದ ಕಾರ್ಮಿಕರ ಮಕ್ಕಳಿಗೂ ಚಿತ್ರ, ಅಭಿನಯಗಳು ಕನ್ನಡಕ್ಕೆ ಮೆಟ್ಟಿಲಾಗುತ್ತವೆ.

ಕಾನೂನು

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 16ನೇ ಪ್ರಕರಣದಂತೆ ಶಾಲೆಯ ಕಟ್ಟಡ, ಆವರಣ ಹಾಗೂ ಸೌಲಭ್ಯಗಳು ವಿಕಲಚೇತನ ಮಕ್ಕಳಿಗೆ ಎಟುಕುವಂತಿರಬೇಕು. ಆದ್ದರಿಂದ ಇದು ಔದಾರ್ಯವಲ್ಲ, ಕರ್ತವ್ಯ.

ಪಂಚಾಯಿತಿಯ ಪಾತ್ರ

ಬೋಧನೆ ಶಿಕ್ಷಕರದು, ದಾರಿ, ಬೆಳಕು, ನೀರು, ಶೌಚಾಲಯಗಳಲ್ಲಿ ನಮ್ಮ ಹೊಣೆಯೂ ಇದೆ. ಎಂಜಿನಿಯರಿಂಗ್ ಓದಿದ ನಾನೂ ಇಳಿಜಾರು ಕಟ್ಟಿದರೆ ಕೆಲಸ ಮುಗಿಯಿತೆಂದು ಒಮ್ಮೆ ಭಾವಿಸಿದ್ದೆ. ಆದರೆ ಬಾಗಿಲವರೆಗೆ ಬಂದ ಗಾಲಿಕುರ್ಚಿ ಶೌಚಾಲಯದ ಮೆಟ್ಟಿಲ ಬಳಿ ನಿಂತರೆ, ಆ ಮಗು ಮರುದಿನ ಶಾಲೆಗೆ ಬರುವುದು ಕಷ್ಟ.

ಇಳಿಜಾರಿನ ಪ್ರಮಾಣ 1:12 ಇರಲಿ. ಜಗಲಿಯ ಎತ್ತರ 45 ಸೆಂ.ಮೀ. ಇದ್ದರೆ ಇಳಿಜಾರು 5.4 ಮೀಟರ್ ಉದ್ದವಿರಬೇಕು. ಕಡಿಮೆ ಉದ್ದದಲ್ಲಿ ಮುಗಿಸಿದ ಇಳಿಜಾರು ಕಡತಕ್ಕೆ ಸಾಕು, ಮಗುವಿಗಲ್ಲ. ನಮ್ಮ ಮಳೆಗೆ ಪಾಚಿ ಕಟ್ಟುವುದರಿಂದ ಮೇಲ್ಮೈ ಒರಟಾಗಿರಲಿ. ಹಿಡಿಕಂಬಿ, ನೀರು ಹರಿಯಲು ಚರಂಡಿ ಇರಲಿ.

ಮುಂದಿನ ಸಭೆಯ ಚರ್ಚೆಗೆ

ಅ) ಗೇಟಿನಿಂದ ತರಗತಿ, ನಲ್ಲಿ, ಬಿಸಿಯೂಟದ ಸ್ಥಳ, ಶೌಚಾಲಯದವರೆಗೆ ಎಲ್ಲ ಮಕ್ಕಳೂ ಸ್ವತಂತ್ರವಾಗಿ ಹೋಗಬಲ್ಲರೇ?
ಆ) ಮಳೆಗಾಲದಲ್ಲಿ ಹಿಂದಿನ ಸಾಲಿಗೆ ಪಾಠ ಕೇಳಿಸುವುದೇ, ಕಾಣಿಸುವುದೇ?
ಇ) ದಾಖಲಾಗಿದ್ದರೂ ಮನೆಯಲ್ಲೇ ಉಳಿದ ಮಕ್ಕಳು ಯಾರು? ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಮಾಹಿತಿ ಪಡೆಯಿರಿ.
ಈ) ಮಕ್ಕಳ ಗ್ರಾಮಸಭೆಯಲ್ಲಿ ಆ ಮಕ್ಕಳಿಗೂ ಮಾತನಾಡಲು ಅವಕಾಶವಿದೆಯೇ?

ಎಸ್‌ಡಿಎಂಸಿ ಹಾಗೂ ಮುಖ್ಯಶಿಕ್ಷಕರೊಂದಿಗೆ ಶಾಲೆಯನ್ನು ಒಮ್ಮೆ ಸುತ್ತಿ, ಕಂಡ ಅಡೆತಡೆಗಳನ್ನು ಪಟ್ಟಿ ಮಾಡಿ, ಆದ್ಯತೆಯ ಕಾಮಗಾರಿಗಳನ್ನು ಕ್ರಿಯಾಯೋಜನೆಗೆ ಸೇರಿಸಬೇಕಾಗಿ ಕೋರಿದೆ.