ಬಯಸಿದ್ದನ್ನೆಲ್ಲ ಕೊಳ್ಳಬೇಕೇ?

ಮಗನಿಗೊಂದು ಶಾಲಾ ಚೀಲ ತರಲೆಂದು ಮನೆಯ ಯಜಮಾನ ಪತ್ನಿಯೊಂದಿಗೆ ಪೇಟೆಗೆ ಹೋಗುತ್ತಾನೆಂದು ಭಾವಿಸಿರಿ. ಮರಳುವಾಗ ಇಬ್ಬರ ಕೈತುಂಬ ಪೊಟ್ಟಣಗಳು. ಎರಡು ಕೊಂಡರೆ ಒಂದು ಉಚಿತವೆಂದು ತಂದ ಅಂಗಿಗಳು, ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಇನ್ನೊಂದು ಜೊತೆ ಚಪ್ಪಲಿ, ಕಪಾಟಿನಲ್ಲಿ ಈಗಾಗಲೇ ಇರುವಂಥದ್ದೇ ಗಾಜಿನ ಲೋಟಗಳು. ಎರಡು ದಿನ ಕಳೆದು ಅವನ ವಿಧವೆ ತಂಗಿ ಬಂದು, ಮಗಳ ಶಾಲಾ ಶುಲ್ಕಕ್ಕೆ ಒಂದಿಷ್ಟು ಸಹಾಯ ಕೇಳುತ್ತಾಳೆ. "ಈ ತಿಂಗಳು ಕೈ ಖಾಲಿಯಮ್ಮಾ" ಎನ್ನುತ್ತಾನೆ ಅಣ್ಣ. ಆ ಮಾತು ಸುಳ್ಳಲ್ಲ. ಕೈ ನಿಜವಾಗಿಯೂ ಖಾಲಿ. ಆದರೆ ಅದನ್ನು ಖಾಲಿ ಮಾಡಿದ್ದು ಯಾವುದು?

ದುಂದುವೆಚ್ಚ ಮಾಡುವವರು ಶೈತಾನರ ಸಹೋದರರೆಂಬ ಎಚ್ಚರಿಕೆ ಪವಿತ್ರ ಕುರ್‌ಆನ್‌ನಲ್ಲಿದೆ (ಬನೀ ಇಸ್ರಾಈಲ್: 26-27). ಇದನ್ನು ನಾವು ಅನೇಕ ಬಾರಿ ಕೇಳಿದ್ದೇವೆ. ಆದರೆ ಅದಕ್ಕೆ ಮುಂಚಿನ ಆದೇಶವನ್ನು ಗಮನಿಸುವುದು ಕಡಿಮೆ. ಬಂಧುಗಳಿಗೆ, ಬಡವರಿಗೆ, ಪ್ರಯಾಣಿಕರಿಗೆ ಅವರ ಹಕ್ಕನ್ನು ಕೊಡಬೇಕೆಂದು ಮೊದಲು ಆಜ್ಞಾಪಿಸಿ, ಅದರ ಬೆನ್ನಿಗೇ ದುಂದುವೆಚ್ಚವನ್ನು ನಿಷೇಧಿಸಲಾಗಿದೆ. ಅದು ಹಕ್ಕು, ನಮ್ಮ ಔದಾರ್ಯವಲ್ಲ. ಹಾಗಾದರೆ ಬೇಡದ ಚಪ್ಪಲಿಗೆ ಹೋದ ಹಣದಲ್ಲಿ ತಂಗಿಯ ಪಾಲೂ ಇತ್ತಲ್ಲವೇ?

ಒಮ್ಮೆ ಜಾಬಿರ್ ಬಿನ್ ಅಬ್ದುಲ್ಲಾ(ರ)ರು ಆಸೆಯಾಯಿತೆಂದು ಮಾಂಸ ಕೊಂಡು ಒಯ್ಯುತ್ತಿದ್ದಾಗ ಹಝ್ರತ್ ಉಮರ್(ರ)ರು ತಡೆದು, ಆಸೆಯಾದುದನ್ನೆಲ್ಲ ಕೊಳ್ಳುವಿರಾ ಎಂದು ಪ್ರಶ್ನಿಸಿದರೆಂದು ವರದಿಯಾಗಿದೆ. ನೆರೆಯವನನ್ನೂ ಬಂಧುವನ್ನೂ ನೆನೆಯಬೇಡವೇ ಎಂಬುದು ಅವರ ಆಕ್ಷೇಪವಾಗಿತ್ತು. ಮಾಂಸ ಹಲಾಲ್ ಆಗಿತ್ತು, ಹಣವೂ ಸ್ವಂತದ್ದೇ. ಆದರೂ ಮನಸ್ಸು ಕೇಳಿದ್ದನ್ನೆಲ್ಲ ಕೊಡುವ ಅಭ್ಯಾಸವನ್ನು ಅವರು ಮೆಚ್ಚಲಿಲ್ಲ.

ಹಾಗೆಂದು ಜಿಪುಣತನ ಧರ್ಮವಲ್ಲ. ದುಂದೂ ಮಾಡದೆ, ಜಿಪುಣತನವನ್ನೂ ತೋರದೆ ನಡುವಿನ ದಾರಿ ಹಿಡಿಯುವವರೇ ಕರುಣಾಮಯನ ದಾಸರು (ಅಲ್‌ಫುರ್ಕಾನ್: 67). ಮಡದಿ ಮಕ್ಕಳಿಗಾಗಿ ಅಲ್ಲಾಹನ ಸಂಪ್ರೀತಿ ಬಯಸಿ ಮಾಡುವ ವೆಚ್ಚಕ್ಕೂ ಪುಣ್ಯವಿದೆ.

ಹಿಂದೆ ನೋಟು ಎಣಿಸಿ ಕೊಡುವಾಗ ಕೈ ತುಸು ತಡೆಯುತ್ತಿತ್ತು. ಇಂದು ಮೊಬೈಲ್ ಮೇಲೆ ಬೆರಳೊತ್ತಿದರೆ ಮುಗಿಯಿತು. ಸಾಮಾನು ಮನೆಬಾಗಿಲಿಗೇ ಬರುತ್ತದೆ. ಹಣವಿಲ್ಲದಿದ್ದರೆ ಕ್ರೆಡಿಟ್ ಕಾರ್ಡ್ ಇದೆ. ಗಡುವಿನೊಳಗೆ ಕಟ್ಟದಿದ್ದರೆ ಅದಕ್ಕೆ ಬಡ್ಡಿ ಬೀಳುತ್ತದೆ. ಹೀಗೆ ಒಂದು ಕ್ಷಣದ ಆಸೆ ನಮ್ಮನ್ನು ಹರಾಮಿನ ಹೊಸ್ತಿಲಿಗೆ ತಂದು ನಿಲ್ಲಿಸುತ್ತದೆ. ಪ್ರವಾದಿವರ್ಯರು(ಸ) ನಮಾಝಿನಲ್ಲಿ ಸಾಲದಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಸಾಲಗಾರನು ಸುಳ್ಳಾಡುತ್ತಾನೆ, ಮಾತಿಗೆ ತಪ್ಪುತ್ತಾನೆ ಎಂದು ಅದಕ್ಕೆ ಕಾರಣವನ್ನೂ ತಿಳಿಸಿದ್ದರು (ಬುಖಾರಿ).

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಸಂಬಳ ಅಥವಾ ವ್ಯಾಪಾರದ ಹಣ ಕೈಗೆ ಬಂದ ದಿನವೇ ಬಂಧುಗಳ ಮತ್ತು ಬಡವರ ಪಾಲನ್ನು ತೆಗೆದಿಡಿ. ಉಳಿದರೆ ಕೊಡೋಣವೆಂದರೆ ಎಂದೂ ಉಳಿಯದು. ಪೇಟೆಗೆ ಹೋಗುವ ಮುನ್ನ ಬೇಕಾದುದನ್ನು ಮನೆಯಲ್ಲೇ ಬರೆದುಕೊಳ್ಳಿ. ಚೀಟಿಯಲ್ಲಿಲ್ಲದ ವಸ್ತುವಿನ ಮೇಲೆ ಮನಸ್ಸಾದರೆ ಮೂರು ದಿನ ಕಾಯಿರಿ. ಹೆಚ್ಚಿನ ಆಸೆಗಳು ಅಷ್ಟರಲ್ಲಿ ತಾವಾಗಿ ಆರಿಹೋಗುತ್ತವೆ. ಈದ್‌ನ ಬಟ್ಟೆ ಕೊಳ್ಳುವಾಗ ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ ಹಾಕಿರಿ. ನೆರೆಮನೆಯ ಅನಾಥ ಮಗುವಿಗೂ ಒಂದು ಜೊತೆ ಸೇರಿಸಿರಿ. ಮಕ್ಕಳು ನಮ್ಮ ಉಪದೇಶಕ್ಕಿಂತ ನಮ್ಮ ನಡೆಯನ್ನು ನೋಡಿ ಕಲಿಯುತ್ತಾರೆ.

ಪರಲೋಕದಲ್ಲಿ ಸಂಪತ್ತಿನ ಕುರಿತು ಎರಡು ಪ್ರಶ್ನೆಗಳಿವೆ: ಎಲ್ಲಿಂದ ಗಳಿಸಿದೆ, ಯಾವುದಕ್ಕೆ ವ್ಯಯಿಸಿದೆ (ತಿರ್ಮಿದಿ). ಮೊದಲನೆಯದಕ್ಕೆ ಉತ್ತರ ಸಿದ್ಧವಿರುವ ಅನೇಕರು ಎರಡನೆಯದನ್ನು ಮರೆತಿದ್ದೇವೆ. ಮುಂದಿನ ಬಾರಿ ತಂಗಿ ಬಾಗಿಲಿಗೆ ಬಂದಾಗ ನಮ್ಮ ಕೈ ಖಾಲಿಯಾಗಿರದಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.