ನಮ್ಮ ಕೊಟ್ಟಿಗೆಯ ಸಗಣಿ, ಹೊಗೆಯಿಲ್ಲದ ಅಡುಗೆಮನೆ

ಅಂಜನಾಪುರ ಭಾಗದ ಹಾಲು ಉತ್ಪಾದಕ ಸಹೋದರಿಯರೇ,

2015ರಲ್ಲಿ ವಿಶ್ವಸಂಸ್ಥೆಯ ಸದಸ್ಯ ದೇಶಗಳು 2030ರೊಳಗೆ ಮುಟ್ಟಬೇಕಾದ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡವು. ಏಳನೆಯದು ಎಲ್ಲರಿಗೂ ಶುದ್ಧ ಇಂಧನ. ಇದು ದೂರದ ಮಾತಲ್ಲ. ಸೌದೆ ಒಲೆಯ ಹೊಗೆ ಮೊದಲು ಸೇರುವುದು ನಿಮ್ಮ ಮತ್ತು ಮಕ್ಕಳ ಎದೆಗೆ.

ಕೋಲಾರದ ಎಸ್‌ಕೆಜಿ ಸಂಘ ಎಂಬ ಸ್ವಯಂಸೇವಾ ಸಂಸ್ಥೆ ಈ ಗುರಿಗಳು ಬರುವ ಮೊದಲೇ ಹಳ್ಳಿಮನೆಗಳಲ್ಲಿ ಗೋಬರ್ ಗ್ಯಾಸ್ ಘಟಕ ಕಟ್ಟಿಸಿತು. ಹೊರಬರುವ ಬಗ್ಗಡದಿಂದ ಎರೆಗೊಬ್ಬರ ಮಾಡುವುದನ್ನೂ ಜೊತೆಗೂಡಿಸಿತು. ಅದೇ ಸಗಣಿಯಿಂದ ಒಲೆಗೆ ಗ್ಯಾಸ್, ಹೊಲಕ್ಕೆ ಗೊಬ್ಬರ, ಉಳಿದದ್ದು ಮಾರಿದರೆ ಕೈಗೆ ಕಾಸು. 2007ರಲ್ಲಿ ಈ ಕೆಲಸಕ್ಕೆ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು.

ನೆನಪಿಡಿ:

• 2 ಘನ ಮೀಟರ್ ಘಟಕಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕು, ನಾಲ್ಕೈದು ದೊಡ್ಡ ರಾಸು ಸಾಕು.

• ಸಗಣಿಯಷ್ಟೇ ನೀರು ಬೆರೆಸಿ, ಕಲ್ಲು, ಹುಲ್ಲು ತೆಗೆದು ಹಾಕಿ.

• ಫಿನಾಯಿಲ್, ಸೋಪಿನ ನೀರು ಬಿಡಬೇಡಿ; ಗ್ಯಾಸ್ ಮಾಡುವ ಸೂಕ್ಷ್ಮಾಣುಗಳು ಸಾಯುತ್ತವೆ.

• ಆಂಟಿಬಯೋಟಿಕ್ ಪಡೆಯುತ್ತಿರುವ ರಾಸಿನ ಸಗಣಿಯನ್ನು ಬೇರೆ ಹಾಕಿ.

ಮುಂದಿನ ಸಂಘದ ಸಭೆಯಲ್ಲಿ ಯಾರ ಮನೆಯಲ್ಲಿ ಎಷ್ಟು ರಾಸು, ನೀರು, ಜಾಗ ಇದೆಯೆಂದು ಪಟ್ಟಿ ಮಾಡಿ. ಪಟ್ಟಿ ಹಿಡಿದು ಒಟ್ಟಾಗಿ ಪಂಚಾಯಿತಿಯಲ್ಲಿ ಸಹಾಯಧನ ವಿಚಾರಿಸಿ. ಒಬ್ಬರು ಕೇಳುವುದಕ್ಕಿಂತ ಹತ್ತು ಮಂದಿ ಕೇಳಿದರೆ ಕೆಲಸ ಬೇಗ ಆಗುತ್ತದೆ.

– ಪಶುವೈದ್ಯಾಧಿಕಾರಿ