ಜೀವಂತ ಎರೆಯ ಗಾಳ: ಮೊದಲು ಎರೆ ನೋಡಿ, ಮತ್ತೆ ಸಲಕರಣೆ ಕೊಳ್ಳಿ

ಕರಾವಳಿಯಲ್ಲಿ ಹತ್ತಿಪ್ಪತ್ತು ತೆಂಗು, ಒಂದು ತುಂಡು ಗದ್ದೆ, ಜತೆಗೆ ಮೂರ್ನಾಲ್ಕು ಜನ ಸೇರಿ ಕೊಂಡ ಔಟ್‌ಬೋರ್ಡ್ ದೋಣಿ – ಹೀಗೆ ಬದುಕುವ ಕೃಷಿಕರು ಸಾಕಷ್ಟು ಮಂದಿ ಇದ್ದಾರೆ. ಬಲೆಗೆ ಆಳು ಬೇಕು, ಬಂಡವಾಳ ಬೇಕು. ಗಾಳಕ್ಕೆ ಇಬ್ಬರು ಸಾಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೂ ನೀರು ತಿಳಿಯಾಗಲು ಸಮಯ ಬೇಕು. ಈ ಬಿಡುವಿನಲ್ಲೇ ಹೆಚ್ಚಿನವರು ಸಲಕರಣೆ ಕೊಳ್ಳುವುದು. ತಪ್ಪುವುದೂ ಅಲ್ಲೇ.

ನನ್ನ ತಪ್ಪನ್ನೇ ಹೇಳುತ್ತೇನೆ. ಮೊದಲ ವರ್ಷ ಅಂಗಡಿಗೆ ಹೋಗಿ 'ದೊಡ್ಡ ಅಂಜಲ್ ಹಿಡಿಯಲು ಗಾಳ ಕೊಡಿ' ಅಂದೆ. ಕಿರುಬೆರಳಿನಷ್ಟು ಉದ್ದದ, ದಪ್ಪ ಸರಿಗೆಯ ಗಾಳ ಕೊಟ್ಟರು. ಅದಕ್ಕೆ ಗೇಣುದ್ದವೂ ಇಲ್ಲದ ಬೂತಾಯಿ ಪೋಣಿಸಿ ಬಿಟ್ಟರೆ ಪಾಪ, ಆ ಮೀನು ಕಬ್ಬಿಣ ಹೊತ್ತುಕೊಂಡು ಈಜುವುದುಂಟೇ? ಐದು ನಿಮಿಷದಲ್ಲಿ ಹೊಟ್ಟೆ ಮೇಲೆ ಮಾಡಿತು. ಸತ್ತ ಎರೆಯನ್ನೇ ಹಾಕುವುದಾದರೆ ಇಷ್ಟು ಕಷ್ಟಪಟ್ಟು ಜೀವಂತ ಮೀನು ಒಯ್ಯಬೇಕಾಗಿರಲಿಲ್ಲ. ಜೀವಂತ ಎರೆಯ ಬೆಲೆ ಇರುವುದು ಅದರ ಒದ್ದಾಟದಲ್ಲಿ. ಆದ್ದರಿಂದ ಗಾಳದ ಅಳತೆ ಎರೆಗೆ ಹೊಂದಬೇಕು, ಹಿಡಿಯಬೇಕೆಂದಿರುವ ಮೀನಿಗಲ್ಲ.

ಗಾಳ

ನಂಬರಿನ ಲೆಕ್ಕ ಹೊಸಬರಿಗೆ ತಲೆಕೆಳಗು ಕಾಣುತ್ತದೆ. ಬರೀ 2, 4, 6 ಎಂದಿದ್ದರೆ ನಂಬರು ಏರಿದಷ್ಟೂ ಗಾಳ ಸಣ್ಣದು. 2/0, 4/0, 6/0 ಎಂದು ಸೊನ್ನೆ ಸೇರಿದ್ದರೆ ಏರಿದಷ್ಟೂ ದೊಡ್ಡದು. ಕಂಪೆನಿಯಿಂದ ಕಂಪೆನಿಗೆ ಅಳತೆಯೂ ಒಂದೇ ಅಲ್ಲ. ಹಾಗಾಗಿ ನಂಬರು ಬರೆದು ಕಳಿಸುವ ಬದಲು ಕಣ್ಣಾರೆ ನೋಡಿ ಕೊಳ್ಳುವುದೇ ಒಳ್ಳೆಯದು. ಐದಾರು ಅಂಗುಲದ ಬೂತಾಯಿಗೆ ಸುಮಾರು 4/0, ಎಂಟು ಅಂಗುಲದ ಬಂಗುಡೆಗೆ 6/0 ಅಥವಾ 7/0 ನನಗೆ ಸರಿಯಾಗಿದೆ. ಪರೀಕ್ಷೆ ಸುಲಭ: ಎರೆ ಪೋಣಿಸಿದ ಮೇಲೂ ಗಾಳದ ಮೊನೆ ಮತ್ತು ಬಾಗಿನ ಬಾಯಿ ತೆರೆದೇ ಕಾಣಬೇಕು. ಮೊನೆ ಎರೆಯ ಮೈಯೊಳಗೆ ಹೂತರೆ ದೊಡ್ಡ ಮೀನು ಬಂದರೂ ಕಚ್ಚಿಕೊಳ್ಳದು.

ಆಕಾರದಲ್ಲಿ ಎರಡು ಬಗೆ. ಹಳೆಯ ನೇರ ಮೊನೆಯ ಗಾಳ ಎಲ್ಲರಿಗೂ ಗೊತ್ತು. ಇನ್ನೊಂದು, ಮೊನೆ ಒಳಕ್ಕೆ ತಿರುಗಿದ ಸರ್ಕಲ್ ಗಾಳ. ನೋಡಿದರೆ ಇದು ಮೀನು ಹಿಡಿದೀತು ಎಂದು ಅನಿಸುವುದೇ ಇಲ್ಲ. ಆದರೆ ಮೀನು ನುಂಗಿ ತಿರುಗಿ ಓಡುವಾಗ ಅದು ಜಾರಿ ಬಂದು ದವಡೆಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಒಂದೇ ಷರತ್ತು, ಜಗ್ಗಬಾರದು. ಕಚ್ಚಿದ್ದು ಗೊತ್ತಾದ ಕೂಡಲೇ ಎಳೆದುಬಿಡುವುದು ನಮ್ಮ ಕೈಯ ಅಭ್ಯಾಸ. ಸರ್ಕಲ್ ಗಾಳದಲ್ಲಿ ಹಾಗೆ ಎಳೆದರೆ ಖಾಲಿ ಗಾಳ ಮೇಲೆ ಬರುತ್ತದೆ. ದಾರ ತಾನಾಗಿ ಬಿಗಿಯಾಗಲು ಬಿಡಿ. ನನಗೆ ಇದು ಕಲಿಯಲು ಒಂದು ಇಡೀ ಸೀಸನ್ ಬೇಕಾಯಿತು.

ಸ್ಟೇನ್‌ಲೆಸ್ ಗಾಳ ಬೇಡ. ದಾರ ತುಂಡಾಗಿ ಹೋದ ಮೀನಿನ ಬಾಯಲ್ಲಿ ಸಾದಾ ಉಕ್ಕಿನ ಗಾಳ ತುಕ್ಕು ಹಿಡಿದು ಬೇಗ ಹೋಗುತ್ತದೆ, ಸ್ಟೇನ್‌ಲೆಸ್ ಉಳಿದುಬಿಡುತ್ತದೆ. ಕಡಲಾಮೆ ಸಿಕ್ಕಿಬಿದ್ದರೆ ಗಾಳಕ್ಕೆ ಆದಷ್ಟು ಹತ್ತಿರ ದಾರ ಕತ್ತರಿಸಿ ಬಿಡಿ. ಅದು ಕಾನೂನಿನ ರಕ್ಷಣೆ ಇರುವ ಪ್ರಾಣಿ.

ಗಾಳದ ಹಿಂದಿನ ಮೊಳ

ಇಲ್ಲಿ ಮಾತ್ರ ಹಿಡಿಯುವ ಮೀನನ್ನು ನೋಡಬೇಕು. ಅಂಜಲಿನ (ಉತ್ತರ ಕನ್ನಡದವರ ಇಸ್ವಾಣ) ಹಲ್ಲು ಕತ್ತರಿ ಇದ್ದಂತೆ, ತಂಗೂಸಿ ದಾರ ನಿಲ್ಲದು. ಒಂದಡಿ, ಒಂದೂವರೆ ಅಡಿ ಸ್ಟೀಲ್ ಸರಿಗೆ ಬೇಕು. ಅದು ಎರೆಯ ಬಾಲವನ್ನು ಕತ್ತರಿಸಿಕೊಂಡು ಹೋಗುವುದೂ ಹೆಚ್ಚು. ಹಾಗಾಗಿ ಮುಂದಿನ ಗಾಳಕ್ಕೆ ಇನ್ನೊಂದು ತುಂಡು ಸರಿಗೆ ಕಟ್ಟಿ ಬಾಲದ ಹತ್ತಿರ ಸಣ್ಣ ಗಾಳ ಇಡುವವರಿದ್ದಾರೆ. ಅದನ್ನು ಎರೆಯ ಚರ್ಮಕ್ಕಷ್ಟೇ ತಾಗಿಸಿ, ಸರಿಗೆ ಸ್ವಲ್ಪ ಸಡಿಲ ಇರಲಿ. ಬಿಗಿಯಾದರೆ ಎರೆಗೆ ಬಾಲ ಬೀಸಲಾಗದು.

ಕಲ್ಲಿನೆಡೆಯ ಮುರು ಮೀನಿಗೆ ಸರಿಗೆ ಬೇಡ, ದಪ್ಪ ನೈಲಾನ್ ಬೇಕು. ಕಚ್ಚಿದ ಕೂಡಲೇ ಅದು ಗುಹೆಗೆ ನುಗ್ಗುತ್ತದೆ, ದಾರ ಕಲ್ಲಿಗೆ ಉಜ್ಜುತ್ತದೆ. ಗೆದರೆಯಂಥ ತಿಳಿನೀರಿನ ಮೀನಿಗೆ ಕಣ್ಣು ಚುರುಕು, ಸರಿಗೆ ಕಂಡರೆ ದೂರ. ಸರಿಗೆಯಾಗಲಿ ದಪ್ಪ ನೈಲಾನಾಗಲಿ, ಮುಖ್ಯ ದಾರಕ್ಕೆ ಸೇರುವಲ್ಲಿ ಸ್ವಿವೆಲ್ ಎಂಬ ತಿರುಗುವ ಕೊಂಡಿ ಇರಲಿ. ಎರೆ ಸುತ್ತು ಹೊಡೆದಾಗ ದಾರ ಹುರಿಗೊಳ್ಳುವುದು ಇದರಿಂದ ತಪ್ಪುತ್ತದೆ.

ದಾರ, ರೀಲು, ಅಡಿಕೆಯ ತಕ್ಕಡಿ

ಕೈದಾರವೇ ಸಾಕೆನ್ನುವವರು ಒಂದು ಮಿಲಿಮೀಟರ್ ಆಸುಪಾಸಿನ ದಪ್ಪ ನೈಲಾನ್ ಕೊಳ್ಳಿ. ತಾಳಿಕೆಗಾಗಿ ಅಷ್ಟು ದಪ್ಪ ಬೇಕೆಂದಲ್ಲ, ಸಣ್ಣ ದಾರ ಕೈ ಕುಯ್ಯುತ್ತದೆ. ಹಳೇ ಸೈಕಲ್ ಟ್ಯೂಬು ಕತ್ತರಿಸಿ ಬೆರಳಿಗೆ ಹಾಕಿಕೊಳ್ಳಿ. ಎಷ್ಟೇ ಸಣ್ಣ ಮೀನಿರಲಿ, ದಾರವನ್ನು ಅಂಗೈಗೆ ಸುತ್ತಿಕೊಳ್ಳಬೇಡಿ. ಹತ್ತು ಕಿಲೋ ಮೀನು ಒಮ್ಮೆಲೇ ಓಡಿದರೆ ಬೆರಳು ಹೋದೀತು, ದೋಣಿಯಿಂದ ಮನುಷ್ಯನೇ ಹೋದಾನು.

ರೀಲು ಕೊಳ್ಳುವವರು ಹೊಳಪು ನೋಡಬೇಡಿ, ಬ್ರೇಕು ನೋಡಿ. ಅಂಗಡಿಯವರು ಡ್ರ್ಯಾಗ್ ಅನ್ನುತ್ತಾರೆ. ದಾರದ ತಾಳಿಕೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಬ್ರೇಕು ಬಿಗಿ ಇರಬೇಕು. 20 ಕಿಲೋ ತಾಳುವ ದಾರಕ್ಕೆ ಐದಾರು ಕಿಲೋ. ಇದನ್ನು ಅಂದಾಜಿನಲ್ಲಿ ಬಿಡಬೇಡಿ. ಮನೆಯಲ್ಲಿ ಅಡಿಕೆ ತೂಗುವ ಸ್ಪ್ರಿಂಗ್ ತಕ್ಕಡಿ ಇದ್ದೀತಲ್ಲ? ದಾರದ ತುದಿಯನ್ನು ಅದರ ಕೊಕ್ಕೆಗೆ ಕಟ್ಟಿ ಎಳೆಯಿರಿ. ರೀಲು ದಾರ ಬಿಡಲು ಶುರುಮಾಡಿದಾಗ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡಿ. ಮುಳ್ಳು ಜಿಗಿಜಿಗಿದು ಹೋದರೆ ಆ ರೀಲು ಬೇಡ, ದಾರ ಸರಾಗ ಹೋಗಬೇಕು.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಮೀನು ದಾರ ಎಳೆದುಕೊಂಡು ಹೋದಂತೆ ಸುರುಳಿ ಸಣ್ಣದಾಗುತ್ತದೆ, ಬ್ರೇಕು ಮುಟ್ಟದೆಯೇ ಎಳೆತ ಬಿಗಿಯಾಗುತ್ತದೆ. ಸುರುಳಿಯ ಅಡ್ಡಳತೆ ಅರ್ಧಕ್ಕಿಳಿದರೆ ಎಳೆತ ದುಪ್ಪಟ್ಟು. ಐದು ಕಿಲೋ ಇದ್ದದ್ದು ಹತ್ತು. ಅದರ ಮೇಲೆ ನೀರಿನೊಳಗಿನ ಉದ್ದ ದಾರದ ಭಾರ ಬೇರೆ. ದೂರಕ್ಕೆ ಓಡಿದ ಮೀನು ಕೊನೆಗಳಿಗೆಯಲ್ಲಿ 'ಟಪ್' ಎಂದು ಕಡಿದುಕೊಳ್ಳುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಆಗ ಬ್ರೇಕು ಸಡಿಲಿಸಬೇಕು. ನಾವು ಗಾಬರಿಯಲ್ಲಿ ಇನ್ನಷ್ಟು ಬಿಗಿ ಮಾಡುತ್ತೇವೆ.

ಹೆಣೆದ ದಾರ ಸಪೂರ, ಗಟ್ಟಿ, ಆದರೆ ಹಿಗ್ಗುವುದಿಲ್ಲ. ನೈಲಾನ್ ಹಿಗ್ಗುತ್ತದೆ, ಹೊಸಬನ ತಪ್ಪನ್ನು ಸ್ವಲ್ಪ ಕ್ಷಮಿಸುತ್ತದೆ. ಮೊದಲ ಸಲಕ್ಕೆ ನೈಲಾನೇ ಸಾಕು. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ, ಒಣಗಂಟು ಉಜ್ಜಿ ಬಿಸಿಯಾಗಿ ಬಲ ಕಳಕೊಳ್ಳುತ್ತದೆ. ದಾರವನ್ನು ಬಿಸಿಲಲ್ಲಿ ಬಿಡಬಾರದು.

ಡ್ರಮ್ಮಿನ ಕತೆ

ಇಷ್ಟೆಲ್ಲ ಸರಿಯಿದ್ದೂ ಒಂದು ದಿನ ಬರಿಗೈಯಲ್ಲಿ ಬಂದೆವು. ಎರೆ ಒಯ್ಯಲು ತೋಟದ 100 ಲೀಟರಿನ ಡ್ರಮ್ಮನ್ನು ಎರಡು ಸಲ ತೊಳೆದು ದೋಣಿಗೆ ಹಾಕಿದ್ದೆ. ಬೆಳಗಿನ ಜಾವ ಹಿಡಿದ ನಲ್ವತ್ತು ಬಂಗುಡೆ ದಂಡೆ ಕಣ್ಣಿಗೆ ಮರೆಯಾಗುವ ಮೊದಲೇ ಬಾಯಿ ತೆರೆದು ಸತ್ತವು. ಗಾಳಿ ಸಾಲದೆ ಹೋಯಿತೆಂದೇ ನಮ್ಮ ವಾದ. ಮನೆಗೆ ಬಂದು ಡ್ರಮ್ಮು ಬಗ್ಗಿಸಿ ನೋಡಿದರೆ ತಳದ ಅಂಚಿನಲ್ಲಿ ನೀಲಿ ಗಸಿ! ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಕಲಸಿದ ಡ್ರಮ್ಮು ಅದು. ಮೈಲುತುತ್ತಿನ ತಾಮ್ರ ಮೀನಿಗೆ ಕಡುವಿಷ, ಅಂಶಮಾತ್ರ ಸಾಕು. ಅಡಿಕೆ ಬೆಳೆಯುವ ನಮ್ಮವರಿಗೆ ಇದನ್ನು ಒತ್ತಿ ಹೇಳಬೇಕು: ಸಿಂಪಡಣೆಯ ಡ್ರಮ್ಮು, ಬಕೆಟ್ಟು, ಪೈಪು ಯಾವುದನ್ನೂ ಎರೆಗೆ ಬಳಸಬೇಡಿ.

ಡ್ರಮ್ಮು ಗುಂಡಗಿರಲಿ, ಮೂಲೆಯಿದ್ದರೆ ಮೀನು ಅಲ್ಲಿ ಒತ್ತೊತ್ತಾಗಿ ನಿಂತು ಮೂತಿ ಒಡೆದುಕೊಳ್ಳುತ್ತದೆ. ಅಳಿವೆಯ ನೀರು ತುಂಬಬೇಡಿ, ಸಿಹಿನೀರು ಬೆರೆತಿರುತ್ತದೆ. ಹೊರಗಿನ ಕಡಲನೀರನ್ನು ಆಗಾಗ ಬದಲಿಸುತ್ತಿರಿ. ಬೂತಾಯಿಯನ್ನು ಒಣಕೈಯಲ್ಲಿ ಮುಟ್ಟಿದರೆ ಹುರುಪೆ ಉದುರುತ್ತದೆ, ಆ ಮೀನು ಹೆಚ್ಚು ಹೊತ್ತು ಬಾಳದು.

ಲಕ್ಷದ್ವೀಪದ ಅಮೀನಿದೀವಿ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡಕ್ಕೇ ಸೇರಿದ್ದವು. ಅವುಗಳಿಂದ ದೂರ ತೆಂಕಣಕ್ಕಿರುವ ಮಿನಿಕಾಯ್ ದ್ವೀಪದವರು ಈ ವಿದ್ಯೆಯಲ್ಲಿ ಪಳಗಿದವರು. ದಂಡೆಯ ಒಳಗಡಲಿನಲ್ಲಿ ಮೊದಲು ಸಣ್ಣ ಎರೆಮೀನು ಹಿಡಿದು, ದೋಣಿಯ ತಳದ ತೂತುಗಳಿಂದ ಕಡಲನೀರು ಒಳಹೊರಗೆ ಹರಿಯುವ ತೊಟ್ಟಿಯಲ್ಲಿ ಜೀವಂತ ಇಡುತ್ತಾರೆ. ಗೆದರೆಯ ಹಿಂಡು ಕಂಡಾಗ ಎರೆ ಚೆಲ್ಲಿ, ಹಿಮ್ಮುಳ್ಳಿಲ್ಲದ ಗಾಳದ ಕೋಲಿನಿಂದ ಒಂದೊಂದೇ ಎತ್ತಿ ದೋಣಿಗೆ ಎಸೆಯುತ್ತಾರೆ. ಎರೆ ಸಿಗದ ದಿನ ಆ ಬೇಟೆಯೇ ಇಲ್ಲ.

ಪೋಣಿಸುವ ಜಾಗವೂ ಕೆಲಸಕ್ಕೆ ತಕ್ಕಂತೆ. ದೋಣಿ ನಿಧಾನ ಸಾಗುತ್ತಿದ್ದರೆ ಮೂಗಿನ ಹತ್ತಿರ, ನಿಂತಿದ್ದರೆ ಬೆನ್ನಿನ ರೆಕ್ಕೆಯ ಮುಂದೆ, ಬೆನ್ನುಮೂಳೆಗೆ ತಾಗದಂತೆ. ಮೂಳೆಗೆ ಚುಚ್ಚಿದರೆ ಎರೆ ಅಲ್ಲೇ ಮುಗಿಯಿತು. ದಡಕ್ಕೆ ಬಂದ ಮೇಲೆ ರೀಲನ್ನು ಸಿಹಿನೀರಲ್ಲಿ ತೊಳೆಯಿರಿ. ಪಂಪಿನ ಪೈಪು ಹಿಡಿದು ಜೋರಾಗಿ ಹೊಡೆದರೆ ಉಪ್ಪು ಒಳಕ್ಕೇ ಹೋಗುತ್ತದೆ, ಚೊಂಬಿನಲ್ಲಿ ಮೆಲ್ಲಗೆ ಸುರಿದು ಬ್ರೇಕು ಸಡಿಲಿಸಿ ನೆರಳಲ್ಲಿ ಒಣಗಿಸಿ.